ಹಲಗೆಯ ಮೊದಲ ಏಟು

ಹರಪನಹಳ್ಳಿ
9 ಜೂನ್ 2024

ದೊಡ್ಡಪ್ಪನಿಗೆ ಜೈಭೀಮ್.

ಮೊನ್ನೆ ಫೋನಿನಲ್ಲಿ ನೀವು ಹತ್ತು ಸಲ 'ಹಾಂ, ಹಾಂ' ಅಂದಿರಿ. ಏನೂ ಕೇಳಿಸದಿದ್ದಾಗ ನೀವು ಹಾಗೆ ಅನ್ನುತ್ತೀರಿ ಅಂತ ನನಗೆ ಗೊತ್ತು. ಮೊಬೈಲಿನಲ್ಲಿ ಬರೆದರೆ ಓದುವುದಿಲ್ಲ ಎಂಬ ಹಟವೂ ಗೊತ್ತು. ಅದಕ್ಕೇ ಈ ಕಾಗದ. ಕೂಸಿಗೆ ಇನ್ನೂ ನಾಲ್ಕು ತಿಂಗಳು, ನಾನು ಕೂಡ್ಲಿಗಿಗೆ ಬರುವಂತಿಲ್ಲ. ಕೊಟ್ಟೂರಿನಲ್ಲಿ ಬಸ್ಸು ಬದಲಿಸಿ ಇಲ್ಲಿಗೆ ಬರಲು ನಿಮ್ಮ ಮೊಣಕಾಲು ಬಿಡುವುದಿಲ್ಲ.

"ಮನಿಯಾಗ ಕುಂತು ಅದೇನು ಕುಟಿಗೆಂತ ಇರ್ತೀಯವ್ವಾ, ಅದಕ್ಕ ಸಂಬಳ ಯಾರು ಕೊಡ್ತಾರ?" ಅಂತ ದೊಡ್ಡವ್ವ ಕೇಳಿದ್ದಳು. ಆಕೆಗೆ ಓದಿ ಹೇಳಿ. ಒಂದು ಎಲೆಕ್ಟ್ರಾನಿಕ್ ಚಿಪ್ಪು ಕಾರ್ಖಾನೆಗೆ ಹೋಗುವ ಮೊದಲು ಅದು ಸರಿಯಾಗಿ ನಡೆಯುತ್ತದೋ ಇಲ್ಲವೋ ಪರೀಕ್ಷಿಸುವುದು ನನ್ನ ಕೆಲಸ. ಚಿಪ್ಪು ಹೇಗೆ ನಡೆದುಕೊಳ್ಳಬೇಕು ಅಂತ ಒಂದು ದಪ್ಪ ಪುಸ್ತಕ ಇರುತ್ತದೆ. ಅದನ್ನು ಓದಿ ಒಂದು ತಂಡ ಚಿಪ್ಪಿನ ವಿನ್ಯಾಸ ಮಾಡುತ್ತದೆ. ಅದೇ ಪುಸ್ತಕ ಓದಿ ನಾನು ಬೇರೆ ಕೂತು, ಅದೇ ಕೆಲಸ ಮಾಡುವ ಒಂದು ಪ್ರೋಗ್ರಾಮು ಬರೆಯುತ್ತೇನೆ. ಅದನ್ನು ಮಾಡೆಲ್ ಅಂತೀವಿ. ಅವರದನ್ನು ನಾನು ನೋಡಬಾರದು, ನನ್ನದನ್ನು ಅವರು ನೋಡಬಾರದು. ಆಮೇಲೆ ಒಂದೇ ಶಬ್ದವನ್ನು ಎರಡಕ್ಕೂ ಕೇಳಿಸಿ, ಎರಡೂ ಕೊಟ್ಟ ಉತ್ತರ ತಾಳೆ ನೋಡುತ್ತೇವೆ. ವ್ಯತ್ಯಾಸ ಇಲ್ಲ ಅಂದರೆ ನಾನು ಸಹಿ ಹಾಕಬೇಕು. ಸಹಿ ಬಿದ್ದ ಮೇಲೆ ಚಿಪ್ಪು ಲಕ್ಷಗಟ್ಟಲೆ ತಯಾರಾಗುತ್ತದೆ, ಆಮೇಲೆ ತಿದ್ದಲು ಬರುವುದಿಲ್ಲ.

ಶಬ್ದ ಅಂದೆನಲ್ಲ, ಈ ಚಿಪ್ಪು ಕಡಿಮೆ ಬೆಲೆಯ ಕಿವಿ ಮಿಷನ್ನಿನದು. ಕಳೆದ ವರ್ಷ ಶಿಬಿರದಲ್ಲಿ ನಿಮಗೆ ಕೊಟ್ಟ ಮಿಷನ್ನು ಹೇಗಿದೆ? ಹಾಕಿಕೊಳ್ಳುತ್ತೀರಾ?

ನಿಮ್ಮ
ಸಮತಾ


ಕೂಡ್ಲಿಗಿ
17 ಜೂನ್ 2024

ಮಗಳು ಸಮತಾಗೆ ಜೈಭೀಮ್.

ನಿನ್ನ ಕಾಗದ ಆರನೆಯ ದಿನ ಮುಟ್ಟಿತು. ನಿನ್ನ ಗಂಡನ ಮನೆ ಇದ್ದಲ್ಲೇ ಇದೆ, ಅದರ ಜಿಲ್ಲೆ ಮಾತ್ರ ನಾನು ನೋಡನೋಡುತ್ತ ಮೂರು ಸಲ ಬದಲಾಯಿತು. ಅಂಚೆಯವರನ್ನು ಬೈದು ಫಲವಿಲ್ಲ.

ನಿನ್ನ ಕೆಲಸ ಅರ್ಥವಾಯಿತು. ಇಬ್ಬರು ಸಾಕ್ಷಿಗಳು ಒಬ್ಬರ ಮುಖ ಒಬ್ಬರು ನೋಡದೆ ನುಡಿಯಬೇಕು, ಅಷ್ಟೇ ತಾನೆ? ಒಳ್ಳೆಯ ಪದ್ಧತಿ. ನಡೆಯುವುದಿಲ್ಲ. 1992ರಲ್ಲಿ ನಮ್ಮ ಕೇರಿಗೆ ಕೊರೆದ ಬೋರ್‌ವೆಲ್ಲು ಬರೀ ಕಾಗದದ ಮೇಲಿದೆ ಎಂದು ನಾನು ಪತ್ರಿಕೆಗೆ ಬರೆದಾಗ, ಇಬ್ಬರು ಅಧಿಕಾರಿಗಳು ಬೇರೆ ಬೇರೆಯಾಗಿ ವಿಚಾರಿಸಿ ವರದಿ ಕೊಡಬೇಕೆಂದು ಆದೇಶವಾಯಿತು. ಇಬ್ಬರೂ ಒಂದೇ ಜೀಪಿನಲ್ಲಿ ಬಂದರು. ಒಂದೇ ಮನೆಯಲ್ಲಿ ಉಂಡರು. ಎರಡು ವರದಿಗಳೂ ನೀರಿನ ರುಚಿಯನ್ನು ಹೊಗಳಿದವು. ನೀರೇ ಇರಲಿಲ್ಲ!

ನನ್ನ ಮಿಷನ್ನು ಚೆನ್ನಾಗಿದೆ. ಹೇಳುವಂಥದ್ದೇನೂ ಇಲ್ಲ.

ಹೊನ್ನೂರಸ್ವಾಮಿ ಏಪ್ರಿಲ್‌ನಿಂದ ಮನೆಗೆ ಬಂದಿಲ್ಲ. ಕೊಟ್ಟೂರು ಕಾಲೇಜಿನಲ್ಲಿ ಪ್ರಯೋಗಾಲಯದ ಕೀಲಿ ಕೈಯಲ್ಲಿ ಬಂದ ಮೇಲೆ ಮಗನಿಗೆ ತಂದೆಯ ಮನೆ ದೂರವಾಗುತ್ತದೆಂದು ಕಾಣುತ್ತದೆ. ಜೊತೆಗೆ ಆ ಹಲಗೆ ಮೇಳ ಬೇರೆ. ಇರಲಿ. ಕೂಸಿಗೆ ಮುತ್ತು.

ಪಕ್ಕೀರಪ್ಪ


ಹರಪನಹಳ್ಳಿ
30 ಜೂನ್ 2024

ದೊಡ್ಡಪ್ಪನಿಗೆ ಜೈಭೀಮ್.

ಮಾಡೆಲ್ ನಾನೇ ಬರೆಯುತ್ತೇನೆ ಅಂದಿದ್ದೆ. ಪೂರ್ತಿ ನಿಜವಲ್ಲ. ಈ ಕಿವಿ ಮಿಷನ್ನು ಮಾಡುವ ಕಂಪನಿಯ ಹಿಂದಿನ ಚಿಪ್ಪಿಗೆ ಬರೆದದ್ದು ಇತ್ತು, ಅದನ್ನೇ ಮುಂದುವರಿಸು ಅಂದಿದ್ದರು. ಅದರಲ್ಲಿ ಒಂದು ಸಾಲು ನನ್ನ ಕಣ್ಣಿಗೆ ಚುಚ್ಚಿತು.

ಚಿಪ್ಪಿನ ಒಳಗೆ ಶಬ್ದವೆಂದರೆ ಅಂಕಿ. ಶಬ್ದ ಜೋರಾದಷ್ಟೂ ಅಂಕಿ ದೊಡ್ಡದು. ಅಂಕಿಗೆ ಒಂದು ಮೇಲ್ಮಿತಿ ಇದೆ, ಅದನ್ನು ದಾಟುವಂತಾದರೆ ಮಿತಿಯಲ್ಲೇ ನಿಲ್ಲಬೇಕು ಅನ್ನುತ್ತದೆ ಪುಸ್ತಕ. ಚಿಪ್ಪು ನಿಲ್ಲುವುದಿಲ್ಲ. ಹಳೇ ಬೈಕಿನ ಕಿಲೋಮೀಟರ್ ಮೀಟರು ಒಂಬತ್ತುಗಳೆಲ್ಲ ಮುಗಿದು ಸೊನ್ನೆಗೆ ತಿರುಗಿದ ಹಾಗೆ, ಅದು ತುದಿ ಮುಟ್ಟಿ ತಳಕ್ಕೆ ಬೀಳುತ್ತದೆ. ಶಬ್ದ ಅತಿ ಜೋರಾದ ಗಳಿಗೆಯಲ್ಲೇ ತಲೆಕೆಳಗಾಗುತ್ತದೆ. ಕೇಳುವವರಿಗೆ ಅದು ಕಿವಿಯೊಳಗೆ ಮೊಳೆ ಹೊಡೆದಂತೆ. ಹಿಂದೆ ಯಾರೋ ಈ ವ್ಯತ್ಯಾಸ ಕಂಡಿದ್ದಾರೆ. ಕಂಡು ಚಿಪ್ಪನ್ನು ತಿದ್ದಿಲ್ಲ, ಮಾಡೆಲ್ಲೂ ಅದೇ ತಪ್ಪು ಮಾಡುವಂತೆ ತಿದ್ದಿದ್ದಾರೆ. ಆಮೇಲೆ ಎರಡೂ ತಾಳೆಯಾಗಿವೆ! ನಿಮ್ಮ ಜೀಪು ನೆನಪಾಯಿತು.

ಆ ಸಾಲನ್ನು ನಾನು ಪುಸ್ತಕದಲ್ಲಿದ್ದಂತೆ ಬರೆದೆ. ತಕ್ಷಣ ವ್ಯತ್ಯಾಸಗಳು ಬಂದವು. ತಂಡದ ಹಿರಿಯರು ಪುಷ್ಪಲತಾ ಮೇಡಂ, ಮೈಸೂರಿನವರು. ಕೆಟ್ಟವರಲ್ಲ, ದಣಿದವರು. "ಸಮತಾ, ಈ ಶಬ್ದವೆಲ್ಲ ನಿನ್ನ ಕಂಪ್ಯೂಟರು ಹುಟ್ಟಿಸಿದ್ದು. ಲೋಕದಲ್ಲಿ ಯಾರ ಕಿವಿಗೆ ಇಂಥದ್ದು ಬೀಳುತ್ತೆ ಹೇಳು? ನಿಜವಾದ ಶಬ್ದ ಒಂದು ತೋರಿಸು, ನಿಲ್ಲಿಸ್ತೀನಿ. ಇಲ್ಲಾಂದ್ರೆ ಆಗಸ್ಟ್ ಹತ್ತಕ್ಕೆ ಸಹಿ ಹಾಕು" ಅಂದರು. ನಮ್ಮ ಬಳಿ ಇರುವ ನಿಜವಾದ ಶಬ್ದಗಳು ಯಾವುವು ಗೊತ್ತೇ? ಆಫೀಸಿನ ಫ್ಯಾನು, ಹೋಟೆಲಿನ ಚಮಚ, ವೀಣೆ, ಇಂಗ್ಲಿಷ್ ಮಾತು.

ಬೆಳೆಬೆಳೆಯುತ್ತ ಜೋರಾಗುವ ಶಬ್ದಕ್ಕೆ ಮಿಷನ್ನು ತಾನೇ ಧ್ವನಿ ತಗ್ಗಿಸಿಕೊಳ್ಳುತ್ತದೆ. ತಪ್ಪು ಹೊರಬೀಳಬೇಕಾದರೆ ಸದ್ದಿಲ್ಲದ ಕಡೆ ದಿಢೀರನೆ ಬೀಳುವ ಏಟು ಬೇಕು. ಹೊನ್ನೂರಸ್ವಾಮಿಯ ಹಲಗೆ ಮೇಳ ಇದೆಯಲ್ಲ. ನಿಮ್ಮಿಬ್ಬರ ನಡುವೆ ಮಾತಿಲ್ಲ ಅಂತ ದೊಡ್ಡವ್ವ ಹೇಳಿದ್ದಳು. ಆದರೂ ನಿಮ್ಮನ್ನು ಕೇಳದೆ ಅವನಿಗೆ ಹೇಳಬಾರದು ಅನ್ನಿಸಿತು. ಹೇಳಲಾ?

ಸಮತಾ


ಕೂಡ್ಲಿಗಿ
5 ಜುಲೈ 2024

ಸಮತಾ,

ಹೇಳಬೇಡ.

1983ರಲ್ಲಿ, ಗೌಡರ ಮನೆಯ ಹೆಣದ ಮುಂದೆ ಬಾರಿಸಲು ಬರುವುದಿಲ್ಲವೆಂದು ನಿಮ್ಮಜ್ಜ ಹಲಗೆಯನ್ನು ಚಾವಡಿಯ ಮುಂದೆ ಇಳಿಸಿ ಬಂದ. ನಾನಾಗ ಬಿ.ಎಡ್. ಓದುತ್ತಿದ್ದೆ, ಹಾಗೆ ಮಾಡು ಎಂದು ಹೇಳಿಕೊಟ್ಟವನು ನಾನೇ. ಮರುದಿನದಿಂದ ಗಿರಣಿಯವನು ನಮ್ಮ ಜೋಳ ಬೀಸಲಿಲ್ಲ. ನಿಮ್ಮಜ್ಜಿ ಕಾಳು ಹೊತ್ತು ಮೂರು ಊರು ದಾಟಿ ಹಿಟ್ಟು ಮಾಡಿಸಿಕೊಂಡು ಬರುತ್ತಿದ್ದಳು. ಆ ಹಿಟ್ಟು ತಿಂದು ಬೆಳೆದವನು ನಿಮ್ಮಪ್ಪ. ಈಗ ನನ್ನ ಮಗ ಅದನ್ನೇ ಬಣ್ಣದ ಅಂಗಿ ತೊಟ್ಟು ವೇದಿಕೆಯ ಮೇಲೆ ಬಾರಿಸುತ್ತಾನೆ, ಕಲೆ ಅನ್ನುತ್ತಾನೆ. ನೀನು ಅದರ ಶಬ್ದ ಕಳಿಸಿರೆಂದು ಕೇಳುತ್ತೀ.

ಸಹಿ ನಿನ್ನದು. ಹಾಕುವುದು ಬಿಡುವುದು ನಿನಗೆ ಬಿಟ್ಟದ್ದು.

ಪಕ್ಕೀರಪ್ಪ


ಹರಪನಹಳ್ಳಿ
14 ಜುಲೈ 2024

ದೊಡ್ಡಪ್ಪನಿಗೆ,

ಕೇಳಬಾರದ್ದನ್ನು ಕೇಳಿದೆ. ಮತ್ತೆ ಕೇಳುವುದಿಲ್ಲ.

ಬಸ್‌ಸ್ಟ್ಯಾಂಡಿನ ಹಾರನ್ನು, ಶೇಂಗಾ ಬಿಡಿಸುವ ಮಿಷನ್ನು, ಡಿ.ಜೆ. ಎಲ್ಲ ಹಿಡಿದು ತಂದು ಕೇಳಿಸಿದೆ. ಯಾವುದಕ್ಕೂ ಚಿಪ್ಪು ತಪ್ಪು ಮಾಡಲಿಲ್ಲ. ಪಟಾಕಿಗೆ ಮಾಡಿತು. ನನಗೆ ಎಷ್ಟು ಖುಷಿಯಾಯಿತೆಂದರೆ ಕೂಸನ್ನು ಎತ್ತಿ ಕುಣಿಸಿದೆ. "ಪಟಾಕಿ ಹೊಡೆಯುವಾಗ ಮಿಷನ್ನು ತೆಗೆದಿಡಿ ಅಂತ ಕೈಪಿಡಿಯಲ್ಲಿ ಒಂದು ಸಾಲು ಸೇರಿಸೋಣ" ಅಂದರು ಕಂಪನಿಯವರು. ಮುಗಿಯಿತು.

ಸಾಕಾಗಿದೆ ದೊಡ್ಡಪ್ಪ. ಒಂದು ತೊಡೆಯ ಮೇಲೆ ಕೂಸು, ಇನ್ನೊಂದರ ಮೇಲೆ ಲ್ಯಾಪ್‌ಟಾಪು. ಇಷ್ಟು ಜನ ಸರಿ ಅನ್ನುವಾಗ ನಾನೊಬ್ಬಳೇ ತಪ್ಪು ಹುಡುಕುತ್ತಿದ್ದೇನೋ ಏನೋ. ಒಂದೇ ಕೆಲಸ ಮಾಡಿಕೊಡಿ. ನಿಮ್ಮ ಮಿಷನ್ನಿನ ಡಬ್ಬಿಯ ಮೇಲೆ ಹಳದಿ ಎಲೆಯ ಗುರುತು ಇದೆಯಾ ನೋಡಿ. ಈ ಕಂಪನಿಯ ಹಿಂದಿನ ಚಿಪ್ಪು, ಅಂದರೆ ಯಾವುದಕ್ಕಾಗಿ ಮಾಡೆಲ್ಲನ್ನು ತಿದ್ದಿದ್ದರೋ ಆ ಚಿಪ್ಪು, ಅಂಥ ಡಬ್ಬಿಗಳಲ್ಲಿ ಹೋಗಿದೆ. ನಿಮ್ಮದು ಚೆನ್ನಾಗಿದೆ ಅಂತ ಬರೆದಿದ್ದೀರಿ. ಗುರುತಿದ್ದೂ ಚೆನ್ನಾಗಿದ್ದರೆ ನನ್ನ ಭಯವೇ ಸುಳ್ಳು, ನೆಮ್ಮದಿಯಿಂದ ಸಹಿ ಹಾಕುತ್ತೇನೆ.

ಸಮತಾ


ಕೂಡ್ಲಿಗಿ
22 ಜುಲೈ 2024

ಮಗಳು ಸಮತಾಗೆ ಜೈಭೀಮ್.

ಹಳದಿ ಎಲೆ ಇದೆ. ಮಿಷನ್ನು ಚೆನ್ನಾಗಿಲ್ಲ. ಏಪ್ರಿಲ್ ಹದಿನಾಲ್ಕರಿಂದ ಅದು ಸಕ್ಕರೆ ಡಬ್ಬಿಯ ಹಿಂದೆ ಬಿದ್ದಿದೆ.

ಅಂದು ಕೂಡ್ಲಿಗಿಯಲ್ಲಿ ಜಯಂತಿ. ಭಾಷಣ ಕೇಳಲು ಹೋಗುತ್ತೇನೆಂದು ನಿನ್ನ ದೊಡ್ಡವ್ವನಿಗೆ ಹೇಳಿ, ಮಿಷನ್ನು ಸಿಕ್ಕಿಸಿಕೊಂಡು ಹೋದೆ. ಭಾಷಣಗಳನ್ನು ನಾನು ಐವತ್ತು ವರ್ಷ ಕೇಳಿದ್ದೇನೆ. ಹೋದದ್ದು ಮಗನನ್ನು ನೋಡಲು. ಮೆರವಣಿಗೆಯ ಮುಂದೆ ಅವನ ಮೇಳ ನಿಂತಿತ್ತು. ಬಾಬಾಸಾಹೇಬರ ಪಟದ ಮುಂದೆ ಹಲಗೆ! ಹೆಣದ ಮುಂದೆ ಅಲ್ಲ. ಹೇಗೆ ಕೇಳುತ್ತದೋ ನೋಡೋಣ ಎಂದು ಹತ್ತಿರವೇ ಹೋಗಿ ನಿಂತೆ. ಜನ ಸುಮ್ಮನಾದರು. ಅವನು ಕೋಲು ಎತ್ತಿದ.

ಮೊದಲ ಏಟಿಗೇ ನೀನು ಬರೆದ ಆ ಮೊಳೆ. ಕಿವಿಯಿಂದ ಕಿತ್ತು ನೆಲಕ್ಕೆ ಬಿಸಾಡಿ, ಕಿವಿ ಒತ್ತಿಕೊಂಡು ಜನರನ್ನು ಸರಿಸಿ ಹೊರಟುಹೋದೆ. ಹೊನ್ನೂರಸ್ವಾಮಿ ನೋಡಿದ. ಬಿದ್ದ ಮಿಷನ್ನನ್ನು ಯಾರೋ ಮನೆಗೆ ತಂದುಕೊಟ್ಟರು. "ಮಗ ಬಾರ್ಸೋದು ಕೇಳಾಕ ಆಗ್ಲಿಲ್ಲೇನ್ರಿ ನಿಮಗ?" ಎಂದು ದೊಡ್ಡವ್ವ ಕಿವಿಯ ಹತ್ತಿರ ಕೂಗಿದಳು. ಆಗಲಿಲ್ಲ ಎಂದೆ. ಸುಳ್ಳಲ್ಲ. ಅವಳು, ಅವನು, ಕೇರಿಯ ಜನ ಎಲ್ಲ ಒಂದೇ ಅರ್ಥ ಮಾಡಿಕೊಂಡರು. ನಾನು ತಿದ್ದಲಿಲ್ಲ. ಆ ಅರ್ಥ ನನ್ನ ಹಳೆಯ ಸಿಟ್ಟಿಗೆ ಚೆನ್ನಾಗಿ ಹೊಂದುತ್ತಿತ್ತು. ಮಿಷನ್ನು ಕೆಟ್ಟಿದೆಯೆಂದು ನನಗೂ ಹೊಳೆದಿರಲಿಲ್ಲ, ಮುದಿ ಕಿವಿಯ ದೋಷ ಎಂದುಕೊಂಡಿದ್ದೆ.

ನಿನ್ನ ಕಾಗದ ಬಂದ ದಿನ ದೊಡ್ಡವ್ವನಿಂದ ಅವನಿಗೆ ಫೋನು ಮಾಡಿಸಿದೆ. ಭಾನುವಾರ ಬಂದ. ಹೊಸಲಿನ ಹೊರಗೇ ನಿಂತು, ನನಗೆ ಕೇಳಲೆಂದು ಕೂಗಿದ.

"ಏನ್ರಿ ಯಪ್ಪಾ, ಹಲಗಿ ಹೊಳ್ಳಿ ಮನಿಯಾಗ ಬಂದ್ರ ಮೈಲಿಗಿ ಆಗಂಗಿಲ್ಲೇನು?"

"ಮೈಲಿಗಿ ಗಿಯ್ಲಿಗಿ ನಿಮ್ಮವ್ವನ್ನ ಕೇಳಲೇ. ನೀ ಮೊದ್ಲು ಒಳಗ ಬಾ."

ನಿನ್ನ ಕೊನೆಯ ಎರಡೂ ಕಾಗದ ಅವನ ಕೈಗೆ ಕೊಟ್ಟೆ. ನಿಂತೇ ಓದಿದ. ಮುಗಿಸಿ ಸಕ್ಕರೆ ಡಬ್ಬಿಯ ಹಿಂದಿನಿಂದ ಮಿಷನ್ನು ತೆಗೆದು ಹೊರಳಿಸಿ ನೋಡಿದ. ಏನೋ ಅಂದ, ನನಗೆ ಕೇಳಿಸಲಿಲ್ಲ. ಏನೆಂದ ಎಂದು ದೊಡ್ಡವ್ವನನ್ನು ಕೇಳಿದೆ. "ಮೊದ್ಲ ಹೇಳಾಕ ಏನಾಗಿತ್ತಂತ" ಎಂದಳು.

ಅವನು ಬಾರಿಸಿದ್ದನ್ನು ಫೋನಿನಲ್ಲಿ ಹಿಡಿದಿದ್ದಾನೆ. ಈ ಕಾಗದಕ್ಕಿಂತ ಮೊದಲೇ ನಿನಗೆ ಮುಟ್ಟಿರುತ್ತದೆ.

ಪಕ್ಕೀರಪ್ಪ


ಹರಪನಹಳ್ಳಿ
27 ಜುಲೈ 2024

ದೊಡ್ಡಪ್ಪನಿಗೆ,

ಮುಟ್ಟಿತು. ನಿಮ್ಮ ಕಾಗದವನ್ನು ಎರಡು ಸಲ ಓದಿದೆ.

ಆದರೆ ಕೆಲಸ ಆಗಲಿಲ್ಲ. ಚಿಪ್ಪೂ ಮಾಡೆಲ್ಲೂ ಒಂದೇ ಉತ್ತರ ಕೊಟ್ಟವು, ಒಂದು ಅಂಕಿ ಆಚೀಚೆ ಇಲ್ಲ. ಏಟು ಮೆತ್ತಗಿದೆ. ಅವನನ್ನು ಕೇಳಿದರೆ "ಅಕ್ಕಾ, ಅದು ಫೈಬರಿಂದು. ಎಲ್ಲಾ ಮೇಳದಾಗೂ ಈಗ ಅದ. ಮಳಿಗೆ ನೆನಿಯಂಗಿಲ್ಲ, ಕಾಸೋ ಗೋಜಿಲ್ಲ" ಅಂದ. ಜಯಂತಿಯ ದಿನ ಮಾತ್ರ ಚರ್ಮದ್ದು ಬಾರಿಸಿದ್ದನಂತೆ.

ಬಿಡಿ ದೊಡ್ಡಪ್ಪ. ನಿಮ್ಮ ಕಿವಿಗೆ ಆದದ್ದು ನಿಜ ಅಂತ ನನಗೆ ಗೊತ್ತು, ಆದರೆ ಒಬ್ಬರ ನೋವನ್ನು ಕಂಪ್ಯೂಟರಿಗೆ ಕೇಳಿಸಲು ಬರುವುದಿಲ್ಲ. "ನಿಮ್ಮ ಮನೆಯವರ ಮಾತು ಸಾಕ್ಷಿ ಆಗಲ್ಲಮ್ಮ" ಅಂದರು ಮೇಡಂ. ಹತ್ತನೇ ತಾರೀಕು ಸಹಿ ಹಾಕಿ ಮುಗಿಸಿಬಿಡುತ್ತೇನೆ. ನೀವಿಬ್ಬರೂ ಮಾತಾಡಿದಿರಲ್ಲ, ಅಷ್ಟು ಸಾಕು.

ಸಮತಾ


ಕೂಡ್ಲಿಗಿ
2 ಆಗಸ್ಟ್ 2024

ಸಮತಾಗೆ,

'ಬಿಡಿ' ಎಂಬ ಮಾತನ್ನು ನಾನು ಕಚೇರಿಗಳಲ್ಲಿ ಸಾಕಷ್ಟು ಕೇಳಿದ್ದೇನೆ. ಮನೆಯ ಮಗಳಿಂದ ಕೇಳಬೇಕಾಗಿಲ್ಲ. ಸಹಿ ಹಾಕಬೇಡ, ತಡೆ.

ಫೈಬರಿನದು ಹಲಗೆಯಲ್ಲ, ಬಕೆಟ್ಟು. ಹೊನ್ನೂರಸ್ವಾಮಿಗೆ ಹಾಗೆಯೇ ಹೇಳಿದೆ. ಮಾಗಳದ ಕಡೆಯಿಂದ ತಂದ ಚರ್ಮದ ಹಲಗೆಯನ್ನು ನಿನ್ನೆ ಹೊತ್ತು ತಂದ. ಮಳೆಗಾಲದ ಚರ್ಮ ಒದ್ದೆ ಗೋಣಿಚೀಲದಂತೆ ಜೋತುಬಿದ್ದಿತ್ತು. ಕಾಯಿಸದೆ ಅದು ಮಾತಾಡುವುದಿಲ್ಲ. ಹುಡುಗರಿಗೆ ಕಾಯಿಸುವುದು ಗೊತ್ತಿಲ್ಲ; ಇವನು ಏಪ್ರಿಲ್ ಬಿಸಿಲಿನಲ್ಲಿ ಬಾರಿಸಿದವನು. ಸೌದೆ ಹಸಿಯಾಗಿತ್ತು. ಅಟ್ಟದ ಮೇಲಿನ ಹಳೆಯ ಪತ್ರಿಕೆಗಳನ್ನು ಇಳಿಸಿದೆ. ನನ್ನ ಪತ್ರ ಅಚ್ಚಾಗದ ಸಂಚಿಕೆಗಳನ್ನೇ ಆರಿಸಿ ಉರಿ ಮಾಡಿದೆ. ಕೊರತೆ ಬೀಳಲಿಲ್ಲ.

ನನಗೆ ನಾದ ಕೇಳಿಸುವುದಿಲ್ಲ. ಅಂಗೈಯಿಂದ ಚರ್ಮ ಒತ್ತಿ ಒತ್ತಿ ನೋಡಿದೆ. ಬಿಗಿ ಬಂದದ್ದು ಕೈಗೆ ತಿಳಿಯುತ್ತದೆ, ನಲವತ್ತು ವರ್ಷವಾದರೂ.

"ಸಾಕ್ರಿ ಯಪ್ಪಾ, ಸುಟ್ಟುಗಿಟ್ಟೀತು!"

"ಸುಮ್ಕಿರಲೇ. ನಿಮ್ಮ ಬಕೀಟಲ್ಲ ಇದು."

ಪಡಸಾಲೆಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ನಿಂತೆವು, ನೀನು ಹೇಳಿದಂತೆ ಸದ್ದಿಲ್ಲದೆ. ಅವನು ಫೋನಿನ ರೆಕಾರ್ಡು ಹಚ್ಚಿಟ್ಟು ಹೊಡೆದ. ನನಗೆ ಬಂದದ್ದು ಎದೆಯಲ್ಲಿ ಒಂದು ತಟ್ಟು ಮಾತ್ರ. ಆದರೆ ಪಕ್ಕದ ಮನೆಯ ಭರಮಮ್ಮ ಸೆರಗು ಸುತ್ತಿಕೊಂಡು ಓಡಿಬಂದಳಂತೆ. "ಯಾರು ಹೋದ್ರಬೇ ಮಾರೆವ್ವಾ?" ನಮ್ಮ ಮನೆಯಲ್ಲಿ ಹಲಗೆ ಕೇಳಿದರೆ ಆಕೆ ಇನ್ನೇನೆಂದುಕೊಂಡಾಳು? ನಿನ್ನ ದೊಡ್ಡವ್ವ ಹೇಳಿದಳಂತೆ, "ಯಾರೂ ಹೋಗಿಲ್ಲ ಬಿಡಬೇ, ನಮ್ಮ ಸಮತಾನ ಆಫೀಸಿನ ಕೆಲ್ಸ ನಡದೈತಿ."

ಒಂದು ಮಾತು. ನಾನು ಬಾರಿಸಲಿಲ್ಲ, ಕಾಯಿಸಿದೆ ಅಷ್ಟೆ. ನಿನಗೆ ತಿಳಿದಿರಲಿ.

ಪಕ್ಕೀರಪ್ಪ


ಹರಪನಹಳ್ಳಿ
19 ಆಗಸ್ಟ್ 2024

ದೊಡ್ಡಪ್ಪನಿಗೆ ಜೈಭೀಮ್.

ತಡವಾಯಿತು. ಕೂಸಿಗೆ ಜ್ವರ, ಆಮೇಲೆ ನನಗೆ.

ಮೊದಲ ಏಟಿಗೇ ಎರಡೂ ಬೇರೆಬೇರೆ ಉತ್ತರ ಕೊಟ್ಟವು. ಮಾಡೆಲ್ಲು ಮಿತಿಯಲ್ಲಿ ನಿಂತಿತು, ಚಿಪ್ಪು ತಳಕ್ಕೆ ಬಿತ್ತು. ಚಿಪ್ಪು ಕೊಟ್ಟ ಉತ್ತರವನ್ನೇ ಶಬ್ದ ಮಾಡಿ ವಿಡಿಯೋ ಮೀಟಿಂಗಿನಲ್ಲಿ ಎಲ್ಲರಿಗೂ ಕೇಳಿಸಿದೆ. ಪುಷ್ಪಲತಾ ಮೇಡಂ ಹೆಡ್‌ಫೋನು ಕಿತ್ತರು, ನೀವು ಮಿಷನ್ನು ಕಿತ್ತ ಹಾಗೇ ಇರಬೇಕು. ಕಂಪನಿಯ ಮನುಷ್ಯ ಅಂದ, "ನೋಡಿ, ಇಂಥ ವಾದ್ಯವನ್ನು ಹತ್ತಿರ ನಿಂತು ಕೇಳೋರು ನಮ್ಮ ಗ್ರಾಹಕರಲ್ಲ."

ಹೊನ್ನೂರಸ್ವಾಮಿ ನಿಮ್ಮ ಮಿಷನ್ನಿನ ಫೋಟೋ ಕಳಿಸಿದ್ದ. ಅದರ ಬೆನ್ನಿನ ಮೇಲಿದ್ದ ನಂಬರನ್ನು ಗಟ್ಟಿಯಾಗಿ ಓದಿದೆ. ಇದು ನಮ್ಮ ದೊಡ್ಡಪ್ಪನ ಕಿವಿಯಲ್ಲಿತ್ತು, ನೀವೇ ಕೊಟ್ಟದ್ದು, ಅವರು ಆ ವಾದ್ಯದ ಮನೆಯವರು ಅಂದೆ. ದೊಡ್ಡ ಭಾಷಣವನ್ನೇನೂ ಮಾಡಲಿಲ್ಲ, ಅಷ್ಟರಲ್ಲಿ ಕೂಸು ಅತ್ತಿತು. ಹೊರಗೆ ಹೋಗಿ ಬರುವಷ್ಟರಲ್ಲಿ ಮೇಡಂ ಹೇಳುತ್ತಿದ್ದರು, "ಆ ಹುಡುಗಿ ಸಹಿ ಇಲ್ಲದೆ ನನ್ನ ಸಹಿ ಇಲ್ಲ."

ಸಹಿ ಹಾಕಲಿಲ್ಲ ದೊಡ್ಡಪ್ಪ. ವಿನ್ಯಾಸ ವಾಪಸು ಹೋಯಿತು, ತಿದ್ದುತ್ತಿದ್ದಾರೆ. ಈಗಾಗಲೇ ಜನರ ಕಿವಿಯಲ್ಲಿರುವ ಹಳೆಯ ಮಿಷನ್ನುಗಳ ಗತಿ ಏನು ಅಂತ ಕೇಳಿದ್ದಕ್ಕೆ "ಅದು ಬೇರೆ ವಿಷಯ" ಅಂದರು. ನನ್ನ ಕರಾರು ಸೆಪ್ಟೆಂಬರ್ ಆಚೆಗೆ ಮುಂದುವರಿಯುವುದಿಲ್ಲ ಅಂತ ಇವತ್ತು ಮೇಲ್ ಬಂತು. ಕಾರಣ ಬರೆದಿಲ್ಲ. ಅಳು ಬರುತ್ತದೇನೋ ಅಂದುಕೊಂಡೆ, ನಿದ್ದೆ ಬಂತು.

ನಿಮ್ಮ ರೆಕಾರ್ಡು ಮಾತ್ರ ಪರೀಕ್ಷೆಯ ಶಬ್ದಗಳಲ್ಲಿ ಸೇರಿಹೋಗಿದೆ. ಇನ್ನು ಬರುವ ಪ್ರತಿ ಚಿಪ್ಪೂ ವೀಣೆಯ ಜೊತೆ ಅದನ್ನೂ ಕೇಳಿ ಪಾಸಾಗಬೇಕು. ಅವರು 'ಡ್ರಮ್' ಅಂತ ಹೆಸರಿಟ್ಟಿದ್ದರು, ನಾನು 'ಹಲಗೆ, ಕೂಡ್ಲಿಗಿ' ಅಂತ ಮಾಡಿದೆ. ಒಂದು ಸಣ್ಣ ಕೆಲಸ ಬಾಕಿ. ಮೊದಲ ಏಟಿಗೆ ಮುಂಚೆ ಯಾರೋ ಕೆಮ್ಮಿದ್ದು ಕೇಳಿಸುತ್ತದೆ. ಇಂಥವನ್ನು ಕತ್ತರಿಸಿ ಚೊಕ್ಕ ಮಾಡುವುದು ರೂಢಿ. ಹೋಗುವ ಮೊದಲು ಅದೊಂದು ಮಾಡಿಬಿಡುತ್ತೇನೆ.

ಸಮತಾ


ಕೂಡ್ಲಿಗಿ
26 ಆಗಸ್ಟ್ 2024

ಮಗಳು ಸಮತಾಗೆ ಜೈಭೀಮ್.

ಕೆಲಸ ಹೋದದ್ದಕ್ಕೆ ಸಮಾಧಾನ ಹೇಳಲು ನನಗೆ ಬರುವುದಿಲ್ಲ. ಸಿಟ್ಟು ಬರುತ್ತದೆ, ಅದನ್ನೇ ಕಳಿಸುತ್ತಿದ್ದೇನೆ. ಹಳೆಯ ಮಿಷನ್ನುಗಳ ಬಗ್ಗೆ ಪತ್ರಿಕೆಗೆ ಬರೆದೆ. ಅಚ್ಚಾಗಿಲ್ಲ. ಇನ್ನೊಂದು ಪ್ರತಿ ಮಾಡಿ ಮತ್ತೆ ಹಾಕುತ್ತೇನೆ. ಕಾಯಿಸಿದಾಗ ಖಾಲಿಯಾದ ಅಟ್ಟ ಮತ್ತೆ ತುಂಬಬೇಕಲ್ಲ.

ಹೊನ್ನೂರಸ್ವಾಮಿ ಈಗ ಭಾನುವಾರ ಬರುತ್ತಾನೆ. ನಾವು ಹೆಚ್ಚು ಮಾತಾಡುವುದಿಲ್ಲ. ಚರ್ಮ ಕಾಯಿಸುವುದನ್ನು ತೋರಿಸಿಕೊಡು ಎಂದಿದ್ದಾನೆ. ನೋಡೋಣ ಎಂದಿದ್ದೇನೆ. ಮಳೆ ನಿಂತ ಮೇಲೆ ಕೂಸನ್ನು ಕರೆದುಕೊಂಡು ಬಾ.

ಆ ಕೆಮ್ಮು ಯಾರದೆಂದು ನಿನ್ನ ದೊಡ್ಡವ್ವನನ್ನು ಕೇಳಿದೆ. "ಇನ್ಯಾರ್ದು, ನಿಮ್ದ. ಪೇಪರ್ ಸುಟ್ಟು ಹೊಗಿ ಕುಡದು ಕೆಮ್ಮಿದ್ರಲ್ಲ, ಎಲ್ರೂ ಉಸ್ರು ಹಿಡ್ಕಂಡು ನಿಂತಾಗ" ಎಂದು ಕಿವಿಯಲ್ಲಿ ಕೂಗಿದಳು. ನನಗೆ ಅದು ಕೇಳಿಸಿಯೇ ಇರಲಿಲ್ಲ.

ಕತ್ತರಿಸಬೇಡ. ಇನ್ನು ಬರುವ ಚಿಪ್ಪುಗಳೆಲ್ಲ ಮೊದಲು ಅದನ್ನು ಕೇಳಲಿ. ಆಮೇಲೆ ಏಟು.

ಪಕ್ಕೀರಪ್ಪ